ಕಾರ್ಬೊರೇಟರ್‌ಗೆ ಕಡೆಗೆ ಕೈ ಹಚ್ಚು

ಭೋರ್‌ನಲ್ಲಿ ಹಳೇ ಎಂಜಿಎ ಕಾರು ಕಟ್ಟಿಕೊಂಡಿರುವ ಅಳಿಯನಿಗೆ ಬೆಳಗಾವಿಯಿಂದ ಕಿವಿಮಾತು

ತಮ್ಮಾ, ನಿನ್ನ ಗಾಡಿಯ ದೂರು ಓದಿದೆ. ಸ್ಟಾರ್ಟ್ ಆಗಿ ನಿಂತುಬಿಡುತ್ತದೆ, ಪಿಕಪ್ ಕೊಟ್ಟರೆ ಮುಗ್ಗರಿಸುತ್ತದೆ, ಸೈಲೆನ್ಸರಿನಲ್ಲಿ ಪಟಪಟ ಸದ್ದು. ಊರಿನ ಮಿಸ್ತ್ರಿ ಎರಡೂ ಕಾರ್ಬೊರೇಟರ್ ಬಿಚ್ಚೋಣ ಅಂದನಂತೆ. ಸದ್ಯಕ್ಕೆ ಬಿಚ್ಚಗೊಡಬೇಡ. ಜೋಡಿ ಕಾರ್ಬೊರೇಟರ್ ಕಂಡ ಕೂಡಲೇ ನಮ್ಮ ಮಿಸ್ತ್ರಿಗಳ ಕೈ ಕಡಿಯತೊಡಗುತ್ತದೆ. ಅದರ ತಲೆಗೆ ಕಟ್ಟುವ ತಪ್ಪುಗಳಲ್ಲಿ ಹೆಚ್ಚಿನವು ಕರೆಂಟಿನವು, ಉಳಿದವು ಟ್ಯಾಪೆಟ್ಟಿನವು. ಕೆಳಗೆ ಬರೆದದ್ದನ್ನು ಬರೆದ ಕ್ರಮದಲ್ಲೇ ಮಾಡು.

• ಮೊದಲು ಭಯ ಬಿಡು. ಎಂಜಿಎ 1955ರಿಂದ 1962ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು ಹೌದು, ಆದರೆ ನಿನ್ನ 1500 ಮಾಡೆಲ್ಲಿನ ಎಂಜಿನ್ ನಮಗೆ ಪರಕೀಯವಲ್ಲ. ಅದೇ ಬಿಎಂಸಿ ಬಿ-ಸೀರೀಸ್, ಅದೇ 1489 ಸಿಸಿ, ಅದೇ 73.025 ಮಿಮೀ ಬೋರ್, 88.9 ಮಿಮೀ ಸ್ಟ್ರೋಕ್. ನಮ್ಮ ಹಳೇ ಪೆಟ್ರೋಲ್ ಅಂಬಾಸಡರ್‌ನ ಬಾನೆಟ್ ಎತ್ತಿದವರೆಲ್ಲ ನೋಡಿದ್ದು ಇದರ ಒಡಹುಟ್ಟನ್ನೇ. ಹೆಡ್ಡಿನ ಪೋರ್ಟು, ಕ್ಯಾಮ್ ಶಾಫ್ಟು, ಮ್ಯಾನಿಫೋಲ್ಡು ಬೇರೆ ಇರಬಹುದು. ಟ್ಯಾಕ್ಸಿ ಅಂಬಾಸಡರ್ ರಿಪೇರಿ ಮಾಡಿ ತಲೆ ನರೆತ ಮಿಸ್ತ್ರಿಯೊಬ್ಬ ಸಿಕ್ಕರೆ ಅವನನ್ನೇ ಹಿಡಿ. ಲ್ಯಾಪ್‌ಟಾಪ್ ಹಚ್ಚಿ ಗಾಡಿ ನೋಡುವ ಹುಡುಗರಿಂದ ಈ ಕೆಲಸ ಆಗದು.

• ಬಿಡಿಭಾಗ ತರುವಾಗ ಎಚ್ಚರ. ಅಂಗಡಿಯಲ್ಲಿ "ಅಂಬಾಸಡರ್ 1489" ಅಂತಷ್ಟೇ ಕೇಳಬೇಡ. ಅಂಬಾಸಡರ್‌ನ ಡೀಸೆಲ್ ಎಂಜಿನ್ನೂ 1489 ಸಿಸಿಯೇ. "ಪೆಟ್ರೋಲ್" ಅಂತ ಒತ್ತಿ ಹೇಳು, ಹಳೇ ಗ್ಯಾಸ್ಕೆಟ್ ಕೈಯಲ್ಲಿ ಹಿಡಿದು ಹೋಗಿ ಮೇಲಿಟ್ಟು ಹೊಂದಿಸಿ ನೋಡು. ಪುಣೆಯ ಮಂಗಳವಾರ ಪೇಟೆಯ ಜೂನಾ ಬಜಾರು ಬುಧವಾರ, ಭಾನುವಾರ ಕೂಡುತ್ತದೆ. ಬೆಳಿಗ್ಗೆ ಬೇಗ ಹೋದವನಿಗೆ ಒಳ್ಳೆಯ ಮಾಲು. ಬೆಂಗಳೂರಿನ ಜೆ.ಸಿ. ರೋಡಿನಲ್ಲೂ ವಿಚಾರಿಸಬಹುದು. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಬೇಕಾದರೆ ಪುಣೆಯ ದೊಡ್ಡ ಗ್ಯಾರೇಜುಗಳಿಗೆ ದುಡ್ಡು ಸುರಿಯಬೇಡ. ಹೆದ್ದಾರಿ ಹಿಡಿದು ಕೊಲ್ಹಾಪುರದ ಉದ್ಯಮನಗರಕ್ಕೆ ಹೋಗು, ಇಲ್ಲಾ ಇನ್ನಷ್ಟು ಮುಂದೆ ನಮ್ಮ ಉದ್ಯಮಬಾಗಕ್ಕೆ ಬಾ.

• ಎಂಜಿನ್ ಪೂರ್ತಿ ಹಾಳಾಗಿದೆ, ಅಂಬಾಸಡರ್ ಎಂಜಿನ್ನೇ ಕೂರಿಸೋಣ ಅಂತ ಯಾರಾದರೂ ಹೇಳಿಯಾರು. ಕೇಳಬೇಡ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದಲ್ಲಿ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿ ಇರಬೇಕೆಂಬ ಷರತ್ತಿದೆ. ಅಂಬಾಸಡರ್‌ನ ರಿಂಗು ಹಾಕು, ಬೇರಿಂಗ್ ಹಾಕು, ಬ್ಲಾಕಿನ ಮೇಲಿನ ನಂಬರು ಮಾತ್ರ ಬದಲಾಗದಿರಲಿ.

• ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಸೆಲ್ಫ್ ಹೊಡೆಯುವ ಮೊದಲು ನಾಲ್ಕೂ ಪ್ಲಗ್ ತೆಗೆದು ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಎಂಜಿನ್ ಆಯಿಲ್ ಬಿಡು. ಒಂದು ರಾತ್ರಿ ಬಿಟ್ಟು ಹ್ಯಾಂಡಲ್ ಹಾಕಿ ಕೈಯಿಂದಲೇ ತಿರುಗಿಸು. ಸಲೀಸಾಗಿ ತಿರುಗಿದ ಮೇಲೆ ಕಂಪ್ರೆಷನ್ ನೋಡು, ಆಕ್ಸಿಲರೇಟರ್ ಪೂರ್ತಿ ಒತ್ತಿಯೇ ನೋಡಬೇಕು. ಅಂಕಿ ಎಷ್ಟು ಬಂತು ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯೇ ಅನ್ನುವುದು ಮುಖ್ಯ. ಒಂದು ತೀರಾ ಕಮ್ಮಿ ಬಂದರೆ ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡು. ಏರಿದರೆ ರಿಂಗಿನ ದೋಷ, ಏರದಿದ್ದರೆ ವಾಲ್ವಿನದು.

• ಟ್ಯಾಪೆಟ್. ಎಂಜಿನ್ ಬಿಸಿ ಇದ್ದಾಗ 0.017 ಇಂಚು. ಯಾವುದನ್ನು ಯಾವಾಗ ಅಡ್ಜಸ್ಟ್ ಮಾಡಬೇಕೆಂಬುದಕ್ಕೆ ಹಳೆಯ ಮಿಸ್ತ್ರಿಗಳ ಒಂಬತ್ತರ ಲೆಕ್ಕ ಸಾಕು: ಎಂಟನೇ ವಾಲ್ವು ಪೂರ್ತಿ ತೆರೆದಿರುವಾಗ ಒಂದನೆಯದು, ಆರನೆಯದು ತೆರೆದಿರುವಾಗ ಮೂರನೆಯದು. ಕೂಡಿಸಿದರೆ ಒಂಬತ್ತು ಬರಬೇಕು, ಅಷ್ಟೆ. ಎಕ್ಸಾಸ್ಟ್ ವಾಲ್ವುಗಳ ಗ್ಯಾಪು ಪದೇ ಪದೇ ತಾನಾಗಿ ಕಮ್ಮಿಯಾಗುತ್ತಿದ್ದರೆ ಸೀಟು ಸವೆದು ವಾಲ್ವು ಮೇಲಕ್ಕೆ ಹೋಗುತ್ತಿದೆ ಎಂದರ್ಥ. ಸೀಸದ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲೇ ನಿಂತಿತು, ಈ ಹೆಡ್ಡು ಅದನ್ನು ನಂಬಿ ಹುಟ್ಟಿದ್ದು. ಹೆಡ್ಡು ಇಳಿಸುವ ಪ್ರಸಂಗ ಬಂದಾಗ ಗಟ್ಟಿ ಸೀಟು ಹಾಕಿಸು. ಅದಕ್ಕೋಸ್ಕರವೇ ಹೆಡ್ಡು ಇಳಿಸಬೇಡ.

• ಈಗ ಕರೆಂಟು. ಎಂಜಿಎ ಪಾಸಿಟಿವ್ ಅರ್ತಿಂಗ್ ಗಾಡಿ. ಹಿಂದೆ ಎರಡು 6 ವೋಲ್ಟ್ ಬ್ಯಾಟರಿ ಇರುತ್ತವೆ, ಅವುಗಳ ಪಾಸಿಟಿವ್ ಕಡೆ ಬಾಡಿಗೆ. ನಡುವೆ ಯಾರಾದರೂ ಬದಲಾಯಿಸಿದ್ದರೂ ಬದಲಾಯಿಸಿರಬಹುದು, ನೋಡಿಕೊಂಡೇ ಚಾರ್ಜರ್ ಹಚ್ಚು. ಕಾಯಿಲ್ ತಿರುಗುಮುರುಗು ಕೂತಿದ್ದರೆ ಕಿಡಿ ಸೋಲುತ್ತದೆ. ಪಾಯಿಂಟ್ ಗ್ಯಾಪ್ 0.015 ಇಂಚಿನ ಆಚೀಚೆ, ಪ್ಲಗ್ ಗ್ಯಾಪ್ 0.025. ಫೈರಿಂಗ್ ಆರ್ಡರ್ 1-3-4-2, ರೋಟರ್ ತಿರುಗುವುದು ಗಡಿಯಾರಕ್ಕೆ ಎದುರಾಗಿ. ನೀನು ಹೇಳುವ ಪಟಪಟಕ್ಕೆ ನನ್ನ ಅನುಮಾನ ಕಂಡೆನ್ಸರ್ ಮೇಲೆ. ಪಾಯಿಂಟ್ ತೆರೆಯುವಾಗ ನೀಲಿ ಕಿಡಿ ದಪ್ಪಗೆ ಹಾರುತ್ತಿದ್ದರೆ, ಪಾಯಿಂಟಿನ ಒಂದು ಬದಿ ಗುಳಿ, ಇನ್ನೊಂದು ಬದಿ ಗುಬುಟು ಎದ್ದಿದ್ದರೆ, ಅದೇ ಕಳ್ಳ. ಹೊಸ ಪೊಟ್ಟಣದ ಕಂಡೆನ್ಸರುಗಳನ್ನೂ ಪೂರ್ತಿ ನಂಬಬೇಡ. ಚಾಲೂ ಇರುವ ಹಳೆಯದೊಂದನ್ನು ಡಿಕ್ಕಿಯಲ್ಲಿ ಇಟ್ಟಿರು. ನಿಮ್ಮೂರಿನ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಬೆವರೊಡೆಯುತ್ತದೆ, ಒಣಬಟ್ಟೆಯಿಂದ ಒರೆಸಿದರೆ ಸತ್ತ ಗಾಡಿ ಎದ್ದು ಕೂರುತ್ತದೆ.

• ಪೆಟ್ರೋಲ್ ಬರುತ್ತಿದೆಯೇ? ಚಾವಿ ತಿರುಗಿಸಿದಾಗ ಹಿಂದಿನಿಂದ ಎಸ್‌ಯು ಪಂಪು ಟಿಕ್ ಟಿಕ್ ಅಂದು, ಫ್ಲೋಟ್ ಚೇಂಬರ್ ತುಂಬಿದ ಮೇಲೆ ಸುಮ್ಮನಾಗಬೇಕು. ಸುಮ್ಮನಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಸೋರುತ್ತಿದೆ ಅಥವಾ ಟ್ಯಾಂಕು ಖಾಲಿ. ಸದ್ದೇ ಇಲ್ಲದಿದ್ದರೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲಗೆ ತಟ್ಟು. ಎದ್ದಿತೆಂದರೆ ಒಳಗಿನ ಪಾಯಿಂಟ್ ಸುಟ್ಟಿವೆ. ಟ್ಯಾಂಕಿನ ತಳದ ತುಕ್ಕಿನ ಕೆಸರು ತೊಳೆಯದೆ ಮುಂದೆ ಎಷ್ಟು ದುಡಿದರೂ ವ್ಯರ್ಥ.

• ಕಬ್ಬಿನ ಸೀಮೆಯಲ್ಲಿದ್ದೀಯೆ, ಎಥನಾಲಿನ ಬಗ್ಗೆ ನಿನಗೆ ಹೊಸದಾಗಿ ಹೇಳಬೇಕಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಅದರ ಪಾಲು ಶೇ. 20ರವರೆಗೆ. ಹಳೇ ರಬ್ಬರ್ ಪೈಪು ಒಳಗಿಂದೊಳಗೆ ಕರಗಿ ಕಪ್ಪು ಪುಡಿಯಾಗಿ ಜೆಟ್ಟಿಗೆ ಬರುತ್ತದೆ. ಎಥನಾಲ್ ತಡೆಯುವ ಪೈಪನ್ನೇ ಹಾಕು. ಎಥನಾಲ್ ನೀರನ್ನೂ ಹೀರುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು ಬರಿದು ಮಾಡು. ಈ ಪೆಟ್ರೋಲಿನಲ್ಲಿ ಮಿಕ್ಸ್ಚರ್ ಒಂದಿಷ್ಟು ತೆಳುವಾಗುವುದರಿಂದ ಹಳೇ ಪುಸ್ತಕದ ಸೆಟ್ಟಿಂಗಿಗಿಂತ ಒಂದೆರಡು ಮುಖ ಹೆಚ್ಚಿಗೆ ಇಳಿಸಬೇಕಾದೀತು. ಮುಖ ಅಂದರೇನು ಅನ್ನುವುದು ಈಗ ಬರುತ್ತದೆ.

• ಇಷ್ಟೆಲ್ಲ ಸರಿ ಇದ್ದೂ ಗಾಡಿ ಹಟ ಮಾಡಿದರೆ ಮಾತ್ರ ಕಾರ್ಬೊರೇಟರ್. ನಿನ್ನದರಲ್ಲಿರುವುದು ಒಂದೂವರೆ ಇಂಚಿನ ಜೋಡಿ ಎಸ್‌ಯು ಎಚ್4. ಅಂಬಾಸಡರ್ ಮಿಸ್ತ್ರಿ ಇಲ್ಲಿ ತಡವರಿಸುವುದು ಕಾರ್ಬೊರೇಟರ್ ಕಷ್ಟದ್ದೆಂದಲ್ಲ, ಎರಡಿವೆ ಎಂದು. ಬಿಚ್ಚುವಾಗ ಎರಡು ತಟ್ಟೆ ಇಟ್ಟುಕೋ. ಮುಂದಿನದರ ಗಂಟೆಯಾಕಾರದ ಚೇಂಬರು ಹಿಂದಿನದರ ಪಿಸ್ಟನ್ನಿಗೆ ಹೋಗಬಾರದು, ಅವು ಜೊತೆಜೊತೆಯಾಗಿ ಅಳೆದು ಮಾಡಿದವು. ಒರಟು ಕಾಗದ ಮುಟ್ಟಿಸಬೇಡ, ಪೆಟ್ರೋಲಿನಲ್ಲಿ ನೆನೆದ ಬಟ್ಟೆ ಸಾಕು. ಸೂಜಿಯ ಮೇಲೆ ಜಿಎಸ್ ಎಂದು ಕೆತ್ತಿರಬೇಕು, ಅದರ ಭುಜ ಪಿಸ್ಟನ್ ತಳಕ್ಕೆ ಸಮವಾಗಿ ಕೂರಬೇಕು. ಜೆಟ್ಟಿನ ಕೆಳಗಿನ ಕಾರ್ಕು ಒಣಗಿದ್ದರೆ ಅಲ್ಲಿಂದಲೇ ಹನಿ ಬೀಳುತ್ತದೆ. ಹೊಸ ಕಾರ್ಕನ್ನು ಎಂಜಿನ್ ಆಯಿಲಿನಲ್ಲಿ ನೆನೆಹಾಕಿ ಕೂರಿಸು. ಫ್ಲೋಟಿನ ಕವೆಯ ಅಡಿಗೆ 7/16 ಇಂಚಿನ ಸರಳು ಹಿಡಿಸಿ ಮಟ್ಟ ನೋಡು.

• ಜೆಟ್ಟಿನ ನಡು ಹಿಡಿಯುವುದು ಕಿವಿಯ ಕೆಲಸ. ಜೆಟ್ಟಿನ ಲಾಕ್ ನಟ್ ಸಡಿಲಿಸು, ಜೆಟ್ಟನ್ನು ಪೂರ್ತಿ ಮೇಲಕ್ಕೆ ತಂದು ಪಿಸ್ಟನ್ನನ್ನು ಮೇಲಿನಿಂದ ಪೆನ್ಸಿಲ್ಲಿನಲ್ಲಿ ಒತ್ತಿ ಹಿಡಿ, ಹಾಗೇ ನಟ್ ಬಿಗಿ. ಈಗ ಪಿಸ್ಟನ್ ಎತ್ತಿ ಬಿಡು. ಟಕ್ ಎಂದು ಲೋಹಕ್ಕೆ ಲೋಹ ಬಡಿದ ಸದ್ದು ಸ್ಪಷ್ಟವಾಗಿ ಬರಬೇಕು. ಜೆಟ್ಟು ಕೆಳಗಿದ್ದಾಗ ಟಕ್, ಮೇಲಿದ್ದಾಗ ಮೊಂಡು ಸದ್ದು ಬಂದರೆ ಸೂಜಿ ಉಜ್ಜುತ್ತಿದೆ, ಮತ್ತೆ ಮಾಡು. ಬೇಸರ ಬಂದೀತು, ಚಹಾ ಕುಡಿದು ಬಂದು ಮಾಡು.

• ಮೇಲಿನ ಹಿತ್ತಾಳೆ ಟೊಪ್ಪಿ ಬಿಚ್ಚಿ 20 ನಂಬರಿನ ತೆಳು ಎಣ್ಣೆ ಬಿಡು. ಪಿಕಪ್ ಕೊಟ್ಟಾಗ ಮುಗ್ಗರಿಸುವುದಕ್ಕೆ ಎಷ್ಟೋ ಸಲ ಈ ಎಣ್ಣೆ ಒಣಗಿರುವುದೊಂದೇ ಕಾರಣ. ಇಷ್ಟೇ ನಿನ್ನ ಗಾಡಿಯ ರೋಗವಾಗಿದ್ದರೂ ನನಗೆ ಆಶ್ಚರ್ಯವಿಲ್ಲ.

• ಥ್ರಾಟಲ್ ಸ್ಪಿಂಡಲ್ ಸವೆದಿದೆಯೇ ಎಂದು ನೋಡಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಎರಚುವವರಿದ್ದಾರೆ, ಅಂಥವರನ್ನು ಶೆಡ್ಡಿನೊಳಗೆ ಬಿಟ್ಟುಕೊಳ್ಳಬೇಡ. ಐಡ್ಲಿಂಗಿನಲ್ಲಿ ಸ್ಪಿಂಡಲ್ ತುದಿಗೆ ಎರಡು ಹನಿ ಎಂಜಿನ್ ಆಯಿಲ್ ಬಿಡು. ಎಂಜಿನ್ನಿನ ದನಿ ಬದಲಾದರೆ ಅಲ್ಲಿ ಗಾಳಿ ಹೋಗುತ್ತಿದೆ. ಬುಶ್ ಹಾಕಿಸದೆ ಟ್ಯೂನಿಂಗಿಗೆ ಕೂರಬೇಡ.

• ಎರಡನ್ನೂ ಸಮ ಮಾಡುವುದು: ಗಾಡಿ ಚೆನ್ನಾಗಿ ಬಿಸಿಯಾಗಲಿ, ಏರ್ ಕ್ಲೀನರ್ ತೆಗೆ. ಸ್ಪಿಂಡಲುಗಳ ನಡುವಿನ ಕ್ಲಾಂಪ್ ಸಡಿಲಿಸು. ಜೆಟ್ ನಟ್ಟನ್ನು ಪೂರ್ತಿ ಮೇಲಕ್ಕೇರಿಸಿ, ಅಲ್ಲಿಂದ ಹನ್ನೆರಡು ಮುಖ ಇಳಿಸಿ ಶುರು ಮಾಡು. ಆರು ಮೂಲೆಯ ನಟ್ಟಿನ ಒಂದು ಬದಿ ತಿರುಗಿದರೆ ಒಂದು ಮುಖ. ಒಂದು ತುಂಡು ರಬ್ಬರ್ ಪೈಪು ಕಿವಿಗಿಟ್ಟು ಇನ್ನೊಂದು ತುದಿಯನ್ನು ಕಾರ್ಬೊರೇಟರ್ ಬಾಯಿಗೆ ಹಿಡಿ. ಬುಸ್ಸೆನ್ನುವ ಸದ್ದು ಎರಡರಲ್ಲೂ ಒಂದೇ ಆಗುವವರೆಗೆ ಥ್ರಾಟಲ್ ಸ್ಕ್ರೂ ತಿರುಗಿಸು. ಆಮೇಲೆ ಮಿಕ್ಸ್ಚರ್: ತೆಳು ಸ್ಕ್ರೂಡ್ರೈವರಿನಿಂದ ಒಂದು ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತು. ಎಂಜಿನ್ ವೇಗ ಹೆಚ್ಚಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ, ನಟ್ ಮೇಲಕ್ಕೆ. ಕುಸಿದರೆ ಕಮ್ಮಿ, ನಟ್ ಕೆಳಕ್ಕೆ. ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಕೈ ತೆಗೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ, ಆದ್ದರಿಂದ ಮತ್ತೊಮ್ಮೆ ಎರಡನ್ನೂ ನೋಡಿ ಕಡೆಗೆ ಕ್ಲಾಂಪ್ ಬಿಗಿ. ಒಂದು ಸಲಕ್ಕೆ ಒಂದೇ ಮುಖ, ಪ್ರತಿ ಸಲವೂ ವಹಿಯಲ್ಲಿ ಬರೆದಿಡು.

• ಥರ್ಮೋಸ್ಟಾಟ್ ಕಿತ್ತೆಸೆಯುವ ಕೆಟ್ಟ ಚಟ ನಮ್ಮವರಿಗಿದೆ. ಹಾಕಿಸು. ಬ್ಲಾಕಿನ ಡ್ರೈನ್ ನಲ್ಲಿ ತೆರೆದಾಗ ನೀರು ಬಾರದಿದ್ದರೆ ಒಳಗೆ ಕೆಸರು ಕಟ್ಟಿದೆ, ತಂತಿ ಹಾಕಿ ಕೆದಕು.

• ಸರಿಯಾಯಿತೆಂದು ಹುರುಪಿನಲ್ಲಿ ಮೊದಲ ದಿನವೇ ವರಂಧಾ ಘಾಟಿಗೆ ಹೊರಡಬೇಡ. ಕಾಪೂರಹೋಳದವರೆಗೆ ಹೋಗಿ ಬಾ. ಬಿಸಿಯಾದ ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಕುದಿದಿರುತ್ತದೆ. ಬಾನೆಟ್ ಎತ್ತಿ ಕಾಯಿ, ಚೋಕ್ ಎಳೆಯಬೇಡ. ಮ್ಯಾನಿಫೋಲ್ಡಿಗೂ ಕಾರ್ಬೊರೇಟರಿಗೂ ನಡುವಿನ ಶಾಖ ತಡೆಯುವ ತಗಡು ಇದೆಯೇ ಅಂತಲೂ ನೋಡು. ಮನೆಗೆ ಬಂದ ಮೇಲೆ ಪ್ಲಗ್ ಬಿಚ್ಚಿ ಒಂದರಿಂದ ನಾಲ್ಕು ಸಾಲಾಗಿಟ್ಟು ಫೋಟೊ ಕಳಿಸು. ಮೊದಲೆರಡು ಮುಂದಿನ ಕಾರ್ಬೊರೇಟರಿನವು, ಕಡೆಯೆರಡು ಹಿಂದಿನದರವು. ಜೋಡಿಯಾಗಿ ಕಪ್ಪಾಗಿದ್ದರೆ ನಟ್ಟಿನ ಮಾತು, ಒಂದೇ ಕಪ್ಪಾಗಿದ್ದರೆ ಕಾರ್ಬೊರೇಟರ್ ಮುಟ್ಟದೆ ನನಗೆ ಫೋನ್ ಮಾಡು.