ವಾಗ್ದಾನದ ಚೀಟಿ, ನೀರಿನ ಡ್ರಮ್ಮು

ಪ್ರಶ್ನೆ: ನಮ್ಮದು ಬಳ್ಳಾರಿ. ಯಜಮಾನರಿಗೆ ಸ್ಟೀಲ್ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿ ವಿಶಾಖಪಟ್ಟಣಕ್ಕೆ ಬಂದೆವು. ನಿವೃತ್ತಿಯಾದ ಮೇಲೆ ಸಿಂಹಾಚಲಂ ಬೆಟ್ಟದ ಕೆಳಗೇ ಮನೆ ಮಾಡಿಕೊಂಡಿದ್ದೇವೆ. ಎರಡು ವರ್ಷದ ಹಿಂದೆ ಕೆಲಸದ ವಿಷಯಕ್ಕೆ ಅಪ್ಪ-ಮಗನಿಗೆ ಜಗಳವಾಗಿ ಮಗ ಮನೆ ಬಿಟ್ಟ. ಈಗ ವಿಜಯವಾಡದಲ್ಲಿದ್ದಾನೆ, ನನ್ನ ಫೋನ್ ಎತ್ತುವುದಿಲ್ಲ. ಕಳೆದ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಚೀಟಿ ಯೆರೆಮೀಯ 29:11, ನಿಮ್ಮ ವಿಷಯದಲ್ಲಿ ನನ್ನವು ಹಿತದ ಯೋಚನೆಗಳೇ ಎಂದು ದೇವರು ಹೇಳುವ ವಚನ. ಈ ವರ್ಷ ಬಂದೇ ಬರುತ್ತಾನೆ ಅಂದುಕೊಂಡೆ. ನಲವತ್ತು ದಿನ ಉಪವಾಸವಿದ್ದರೆ ಮಗ ಬರುತ್ತಾನೆಂದು ದೇವರು ತೋರಿಸಿದ್ದಾರೆ ಎಂದರು ಪ್ರಾರ್ಥನಾ ಕೂಟದ ಅಕ್ಕ ಒಬ್ಬರು. ಇದ್ದೆ. ಬರಲಿಲ್ಲ. ಆಷಾಢದ ಗಿರಿ ಪ್ರದಕ್ಷಿಣೆಯವರಿಗೆಂದು ನಾನು ಗೇಟಿನ ಹತ್ತಿರ ನೀರಿನ ಡ್ರಮ್ ಇಟ್ಟಿದ್ದೇ ಅಡ್ಡಿಯಾಯಿತು ಅನ್ನುತ್ತಾರೆ ಈಗ. ರಾತ್ರಿ ನಿದ್ದೆಯಿಲ್ಲ. ಯಜಮಾನರು ಮಗನ ಹೆಸರೆತ್ತುವುದಿಲ್ಲ, ಅವನ ಎಲ್‌ಐಸಿ ಕಂತು ಕಟ್ಟುವುದನ್ನು ಮಾತ್ರ ನಿಲ್ಲಿಸಿಲ್ಲ. ಅವನ ಕೋಣೆಯನ್ನು ಬಾಡಿಗೆಗೆ ಕೊಡೋಣ ಅನ್ನುತ್ತಾರೆ. ದೇವರ ವಾಗ್ದಾನ ಸುಳ್ಳಾಯಿತೇ, ನನ್ನ ವಿಶ್ವಾಸ ಸಾಲದೇ?
– ಹೆಸರು ಬೇಡ, ಸಿಂಹಾಚಲಂ

ಉತ್ತರ:

ಅಮ್ಮಾ, ಡ್ರಮ್ಮಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರ ಓದುವಾಗ ನನಗೆ ಸಿಟ್ಟು ಬಂದದ್ದು ಅಲ್ಲಿಯೇ. ಬೆಟ್ಟದ ಸುತ್ತ 32 ಕಿಲೋಮೀಟರ್ ನಡೆದು ಬಂದವರಿಗೆ ಒಂದು ಲೋಟ ನೀರು ಕೊಟ್ಟದ್ದಕ್ಕೆ ದೇವರು ಮಗನನ್ನು ತಡೆಹಿಡಿದರು ಅನ್ನುವುದಾದರೆ, ಆ ದೇವರು ಯೇಸುಸ್ವಾಮಿಯ ತಂದೆಯಲ್ಲ, ಯಾರೋ ಬೇರೆ.

ಬೈಬಲ್ ತೆಗೆದು ನಿಮ್ಮ ಚೀಟಿಯ ವಚನವಿರುವ ಅಧ್ಯಾಯವನ್ನು ಮೊದಲಿನಿಂದ ಓದಿ. ಅದೊಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಯೆರೂಸಲೇಮಿನಿಂದ ಯೆರೆಮೀಯ ಬರೆದು ಕಳಿಸಿದ್ದು. ಊರು ಬಿಟ್ಟವರಿಗೆ ಅವನು ಏನು ಹೇಳುತ್ತಾನೆ? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ. ಆಮೇಲೆ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ ಅನ್ನುತ್ತಾನೆ. ಆ ಪಟ್ಟಣ ಮರ್ದೂಕನ ಗುಡಿಯಿದ್ದ ಬಾಬೆಲು! ನಿಮ್ಮ ಚೀಟಿ ಹನ್ನೊಂದನೇ ವಚನ, ನಿಮ್ಮ ಡ್ರಮ್ಮು ಏಳನೇ ವಚನ. ಅಕ್ಕನವರಿಗೆ ಇದನ್ನು ಜಗಳವಾಡದೆ, ಪುಸ್ತಕ ತೆರೆದು ತೋರಿಸಿ.

ಹತ್ತನೇ ವಚನವನ್ನೂ ಬಿಡಬೇಡಿ. ಎಪ್ಪತ್ತು ವರ್ಷವಾದ ಮೇಲೆ ಕರೆತರುತ್ತೇನೆ ಎಂದಿದೆ ಅಲ್ಲಿ. ಪತ್ರ ಕೈಗೆ ಬಂದಾಗ ದೊಡ್ಡವರಾಗಿದ್ದವರಲ್ಲಿ ಹೆಚ್ಚಿನವರಿಗೆ ಬಾಬೆಲಿನ ಮಣ್ಣೇ ಗತಿ. ಆ ವಾಗ್ದಾನ ಒಂದು ಜನಾಂಗಕ್ಕೆ ಕೊಟ್ಟದ್ದು, ತಲೆಮಾರುಗಳ ಲೆಕ್ಕದಲ್ಲಿ. ಅದನ್ನು ಕತ್ತರಿಸಿ, ಅಂಚಿಗೆ ಹೂವು ಬಿಡಿಸಿ, ಜನವರಿಯಿಂದ ಡಿಸೆಂಬರಿನವರೆಗೆ ಚಾಲ್ತಿ ಎನ್ನುವ ಹಾಗೆ ಮಾಡಿಕೊಂಡವರು ನಾವು. ತಮಾಷೆ ಮಾಡುತ್ತಿಲ್ಲ. ನನ್ನ ಪರ್ಸಿನಲ್ಲೂ ಈ ವರ್ಷದ ಚೀಟಿ ಇದೆ.

ಗಡುವು ಹಾಕಿದ ಪ್ರವಾದಿಯೂ ಒಬ್ಬನಿದ್ದ. ಹಿಂದಿನ ಅಧ್ಯಾಯದಲ್ಲಿ ಬರುವ ಹನನ್ಯ. ಎರಡೇ ವರ್ಷ, ಎಲ್ಲ ವಾಪಸ್ ಬರುತ್ತದೆ ಎಂದು ದೇವಾಲಯದಲ್ಲಿ ಎಲ್ಲರೆದುರು ಸಾರಿ, ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಮುರಿದುಹಾಕಿದ. ಜನ ಹನನ್ಯನ ಮಾತನ್ನೇ ಇಷ್ಟಪಟ್ಟಿರಬೇಕು, ಯಾರಿಗೆ ಬೇಡ ಹೇಳಿ. ಅವನ ಮಾತೇ ಸುಳ್ಳಾಯಿತು. ನಲವತ್ತು ದಿನದ ಲೆಕ್ಕ ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ತಪ್ಪಿದ್ದು ಅವರ ಲೆಕ್ಕ. ಅದಕ್ಕೆ ನಿಮ್ಮ ವಿಶ್ವಾಸದ ಮೇಲೆ ಯಾಕೆ ಗೂಬೆ ಕೂರಿಸಬೇಕು?

ಫಲ ಕಾಣದೆ ಹೋದವರು ಬಾಬೆಲಿನಲ್ಲಿ ಮಾತ್ರ ಇದ್ದರೆಂದಲ್ಲ, ನಿಮ್ಮೂರಿನದೇ ಒಂದು ಸಂಗತಿ ಕೇಳಿ. 1805ರಲ್ಲಿ ಲಂಡನ್ ಮಿಷನ್ನಿನ ಜಾರ್ಜ್ ಕ್ರಾನ್, ಅಗಸ್ಟಸ್ ಡೆಸ್ ಗ್ರಾಂಜಸ್ ವಿಶಾಖಪಟ್ಟಣಕ್ಕೆ ಬಂದು ಸುವಾರ್ತೆಗಳನ್ನು ತೆಲುಗಿಗೆ ತರಲು ಕೂತರು. ಕ್ರಾನ್ 1809ರಲ್ಲಿ ತೀರಿಕೊಂಡರು, ಮರುವರ್ಷ ಡೆಸ್ ಗ್ರಾಂಜಸ್. ತೆಲುಗಿನ ಇಡೀ ಹೊಸ ಒಡಂಬಡಿಕೆ ಅಚ್ಚಾದದ್ದು 1818ರಲ್ಲಿ, ಅದೇ ಮಿಷನ್ನಿನ ಪ್ರಿಚೆಟ್ ಅವರ ಕೈಯಲ್ಲಿ. ಇನ್ನೊಂದು ಕಡೆ ನಿಮ್ಮ ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಕೂಡ ಅದೇ ಮಿಷನ್ನಿನವರು. ನಿಮ್ಮ ತವರಿನ ಸಭೆಗೂ ನೀವಿರುವ ಊರಿನ ಸಭೆಗೂ ಬೇರು ಹಾಕಿದ್ದು ಒಂದೇ ಮಿಷನ್, ಆದರೆ ಕ್ರಾನ್, ಡೆಸ್ ಗ್ರಾಂಜಸ್ ಫಲ ಕಂಡು ಹೋದವರಲ್ಲ.

ಇನ್ನೊಂದು ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಚೀಟಿಯ ವಚನದಲ್ಲಿ ಕನ್ನಡ ಬೈಬಲಿನವರು ‘ಹಿತ’ ಅಂದ ಕಡೆ ತೆಲುಗಿನವರು ‘ಸಮಾಧಾನ’ ಅಂದರು. ಎರಡರ ಹಿಂದೆಯೂ ಇರುವ ಇಬ್ರಿಯ ಮಾತು ಶಾಲೋಮ್. ನಿಮ್ಮ ಬೀದಿಯ ತೆಲುಗಿನಲ್ಲಿ ಸಮಾಧಾನಂ ಅಂದರೆ ಉತ್ತರ. ನಿಮಗೆ ಬೇಕಾಗಿರುವುದು ಉತ್ತರ, ಅದು ಇನ್ನೂ ಬಂದಿಲ್ಲ. ನಮ್ಮ ಕಡೆಯ ಸಮಾಧಾನಕ್ಕೆ ಉತ್ತರ ಬರುವ ತನಕ ಕಾಯಬೇಕಿಲ್ಲ. ಅತ್ತ ಮಗುವನ್ನು ಸಮಾಧಾನ ಮಾಡುವಾಗ ನಾವು ಕಾರಣ ಹೇಳುತ್ತೇವೆಯೇ, ಎತ್ತಿಕೊಳ್ಳುತ್ತೇವೆ.

ಇನ್ನು ಮಾಡುವ ಕೆಲಸ. ಮಗನಿಗೆ ದಿನಾ ವಾಟ್ಸ್ಯಾಪಿನಲ್ಲಿ ವಚನ ಕಳಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಜಗಳವಾಡಿ ಹೋದವನಿಗೆ ಅದು ಹಿತವಚನವಾಗಿ ಕೇಳುವುದಿಲ್ಲ, ಬುದ್ಧಿವಾದವಾಗಿ ಕೇಳುತ್ತದೆ. ವಾರಕ್ಕೊಮ್ಮೆ ಒಂದು ಸಾಲು ಸಾಕು: ಪುಂಡಿಪಲ್ಯ ಮಾಡಿದ್ದೆ, ನಿನ್ನ ನೆನಪಾಯಿತು. ಉತ್ತರ ಕೇಳಬೇಡಿ. ಹೇಳದೆ ಕೇಳದೆ ರತ್ನಾಚಲ ಎಕ್ಸ್‌ಪ್ರೆಸ್ ಹತ್ತಿ ಸಂಜೆ ಅವನ ಬಾಗಿಲಲ್ಲಿ ನಿಲ್ಲಲೂ ಬೇಡಿ. ಅವನು ಬಾ ಅಂದ ದಿನ ಹೋಗಿ.

ಕೋಣೆಯನ್ನು ಬಾಡಿಗೆಗೆ ಕೊಡಿ. ನಾನು ಬೇಡ ಎನ್ನಲಿ ಎಂದು ನೀವು ಕಾದಿದ್ದೀರಿ ಅಂತ ಗೊತ್ತು. ಎರಡು ವರ್ಷ ಬಾಗಿಲು ಮುಚ್ಚಿಟ್ಟ ಕೋಣೆ ದಿನಾ ನಿಮ್ಮನ್ನು ಅಳಿಸುತ್ತಿದೆ, ಅಷ್ಟೆ. ಅವನು ಬಂದರೆ ಹಾಲಿನಲ್ಲಿ ಚಾಪೆ ಹಾಸಿದರೂ ಮಲಗುತ್ತಾನೆ. ಅವನ ಸರ್ಟಿಫಿಕೇಟು, ಫೋಟೋಗಳನ್ನು ಮಾತ್ರ ಟ್ರಂಕಿನಲ್ಲಿ ಜೋಪಾನವಾಗಿಡಿ. ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದ್ದಾಗ ಯೆರೆಮೀಯ ಅನಾತೋತಿನ ಹೊಲವನ್ನು 17 ಶೇಕೆಲ್ ಬೆಳ್ಳಿಗೆ ಕೊಂಡು, ಕ್ರಯಪತ್ರಗಳನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸಿದನಲ್ಲ, ಹಾಗೆ.

ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೆ ಅದಕ್ಕೆ ವೈದ್ಯರಿದ್ದಾರೆ. ಮೊದಲು 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡಿಲ್ಲ, ತೆಲುಗಿನಲ್ಲೂ ಕನ್ನಡದಲ್ಲೂ ಮಾತಾಡಬಹುದು. ಇನ್ನು ಉಪವಾಸ ಸದ್ಯಕ್ಕೆ ಬೇಡ.

ಅವತ್ತು ಯಜಮಾನರು ಮಗನಿಗೆ ಏನಂದರು ಎಂದು ನೀವು ಬರೆದಿಲ್ಲ. ಆಡಬಾರದ್ದನ್ನು ಆಡಿದ್ದರೆ ಕ್ಷಮೆ ಕೇಳಬೇಕಾದವರು ಅವರು, ನಿಮ್ಮ ಉಪವಾಸ ಅದರ ಬದಲಿಗೆ ನಡೆಯುವುದಿಲ್ಲ. ಆದರೆ ಎರಡು ವರ್ಷ ಹೆಸರೆತ್ತದೆ ಕಂತು ಕಟ್ಟುತ್ತ ಬಂದ ಮನುಷ್ಯ ಮಗನನ್ನು ಕೈಬಿಟ್ಟಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಮುಂದಿನ ಕಂತು ಕಟ್ಟಲು ಹೊರಟಾಗ ನಾನೂ ಬರುತ್ತೇನೆ ಎನ್ನಿ. ವಾಪಸ್ ಬರುವಾಗ ಎಲ್ಲಾದರೂ ಕೂತು ಟೀ ಕುಡಿಯಿರಿ. ರಸೀದಿಯ ಮೇಲೆ ಮಗನ ಹೆಸರಿರುತ್ತದೆ. ಅದನ್ನು ಜೋರಾಗಿ ಓದಿಕೊಡಲು ಅವರಿಗೇ ಹೇಳಿ. ನನ್ನ ಕನ್ನಡಕ ಮನೆಯಲ್ಲೇ ಉಳಿಯಿತು ಎನ್ನಿ.