ಎಂಜಿನ್ ಕೆಲಸದ ಚೀಟಿ ಓದೋಣ

ಕೆಲವರ ಮನೆಯಲ್ಲಿ ಹಳೆಯ ಓಮ್ನಿ ವ್ಯಾನು ಇರುತ್ತದೆ. ತರಕಾರಿ ಸಂತೆಗೆ ಹೋಗುವುದು ಅದರಲ್ಲೇ. ವ್ಯಾನು ನಿಂತರೆ ಸಂಪಾದನೆಯೂ ನಿಲ್ಲುತ್ತದೆ. ಎಂಜಿನ್ ರಿಪೇರಿಗೆ ಸಾವಿರಾರು ರೂಪಾಯಿ ಬೇಕು. ಆ ಹಣ ಯಾವ ಕೆಲಸಕ್ಕೆ ಹೋಗುತ್ತದೆ? ಮನೆಯ ಹೆಂಗಸರಿಗೂ ಅದು ತಿಳಿದಿರಬೇಕು.

ಹೊಗೆ ನೋಡಿ

ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದು ಅರ್ಥ. ವಾಲ್ವಿನ ಸೀಲು ಹಳೆಯದಾದರೂ ಹೀಗಾಗುತ್ತದೆ. ಅದು ಸಣ್ಣ ಖರ್ಚು. ಎಂಜಿನ್ ಒಳಗೆ ಸವೆದರೂ ಹೀಗಾಗುತ್ತದೆ. ಅದು ದೊಡ್ಡ ಖರ್ಚು. ಆದ್ದರಿಂದ ಎಂಜಿನ್ ಬಿಚ್ಚುವ ಮೊದಲೇ ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಒಳಗೆ ಏನಿದೆ?

ಸೈಕಲ್ ಪಂಪು ನೋಡಿದ್ದೀರಿ. ಒಳಗಿನ ವಾಷರ್ ಸವೆದರೆ ಗಾಳಿ ಸೋರುತ್ತದೆ. ಎಂಜಿನ್ ಕೂಡ ಹಾಗೆಯೇ. ಅದರಲ್ಲಿ ಕೊಳವೆಯಂಥ ಸಿಲಿಂಡರುಗಳಿವೆ. ಓಮ್ನಿಗೆ ಮೂರು. ಒಂದೊಂದರಲ್ಲೂ ಒಂದು ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಸಿಲಿಂಡರ್ ಸವೆದರೆ ಸಂದು ಬೀಳುತ್ತದೆ. ಆ ಸಂದಿನಲ್ಲಿ ಆಯಿಲ್ ಮೇಲಕ್ಕೆ ಬರುತ್ತದೆ, ಶಕ್ತಿ ಸೋರುತ್ತದೆ.

ಅಳತೆ ಓದಿ

ಹೊಸ ಎಂಜಿನ್ನಿನಲ್ಲಿ ಸಿಲಿಂಡರಿನ ಅಗಲ 68.50 ಮಿಲಿಮೀಟರ್. ಸವೆದಾಗ ಲೇತ್ ಶಾಪಿನಲ್ಲಿ ಅದನ್ನು ಕೊರೆದು ಅಗಲ ಮಾಡುತ್ತಾರೆ. ಇದೇ ಬೋರಿಂಗ್. ಮೊದಲ ಸಲ 0.25 ಹೆಚ್ಚಿಸಿದರೆ 68.75 ಆಗುತ್ತದೆ. ಅದೇ ಅಳತೆಯ ದಪ್ಪ ಪಿಸ್ಟನ್ ಹಾಕುತ್ತಾರೆ. ಪಿಸ್ಟನ್ ಮೊದಲು ಕೊಳ್ಳಬೇಕು. ಅದನ್ನು ಅಳೆದು ನೋಡಿಯೇ ಕೊರೆಯಬೇಕು.

ಬೋರಿಂಗ್ ಆದ ಮೇಲೆ ಹೋನಿಂಗ್. ಒರಳುಕಲ್ಲು ನುಣ್ಣಗಾದರೆ ಉಳಿಯಿಂದ ಕಚ್ಚು ಹೊಡೆಸುತ್ತೇವಲ್ಲ? ಹಾಗೆಯೇ ಸಿಲಿಂಡರಿನ ಗೋಡೆಗೆ ಸಣ್ಣ ಗೆರೆ ಎಳೆಯುತ್ತಾರೆ. ಆ ಗೆರೆಗಳಲ್ಲಿ ಆಯಿಲ್ ನಿಲ್ಲುತ್ತದೆ.

ಕೇಳಿ ತಿಳಿಯೋಣ

"ಮೇಸ್ತ್ರಿ, ಸವೆದಿರೋದು ಒಂದೇ ಅಂತೀರಿ. ಮೂರನ್ನೂ ಯಾಕೆ ಕೊರೀಬೇಕು?"

"ಅಕ್ಕಾ, ಒಂದಕ್ಕೆ ದಪ್ಪ ಪಿಸ್ಟನ್ನು, ಎರಡಕ್ಕೆ ಸಣ್ಣದು ಹಾಕಿದ್ರೆ ತೂಕ ಸರಿಹೋಗಲ್ಲ. ಎಂಜಿನ್ ಅದುರುತ್ತೆ."

"ಸರಿ. ಕ್ರ್ಯಾಂಕಿಗೂ ದುಡ್ಡು ಹಾಕಿದ್ದೀರಲ್ಲ?"

"ಅಳತೆ ತೆಗೆದು ನೋಡ್ತೀವಿ. ಗೀರು ಬಿದ್ದಿದ್ರೆ, ಸವೆದಿದ್ರೆ ಮಾತ್ರ ಉಜ್ಜೋದು. ಚೆನ್ನಾಗಿದ್ರೆ ಬೇಕಾಗಿಲ್ಲ."

"ಹಾಗಾದ್ರೆ ಆ ಅಳತೆ ಚೀಟೀಲಿ ಬರೀರಿ."

ನೋಡಿ, ಈ ಒಂದು ಮಾತಿನಿಂದ ಬೇಡದ ಖರ್ಚು ಉಳಿಯಬಹುದು. ಕ್ರ್ಯಾಂಕ್ ಉಜ್ಜಿದರೆ ಅದು ಸಣ್ಣದಾಗುತ್ತದೆ. ಆಗ ದಪ್ಪ ಬೇರಿಂಗ್ ಹಾಕಬೇಕು. ಎಂಜಿನ್ ಕಾದು ಹೆಡ್ ಸೊಟ್ಟಗಾಗಿದ್ದರೆ ಅದನ್ನು ಸಮ ಮಾಡುತ್ತಾರೆ. ಇದಕ್ಕೆ ಫೇಸಿಂಗ್ ಎನ್ನುತ್ತಾರೆ. ವಾಲ್ವು ಸರಿಯಾಗಿ ಕೂರುವಂತೆಯೂ ಮಾಡುತ್ತಾರೆ. ಕೊನೆಗೆ ಎಲ್ಲವನ್ನೂ ಚೆನ್ನಾಗಿ ತೊಳೆಯಬೇಕು. ಕಬ್ಬಿಣದ ಪುಡಿ ಒಳಗೆ ಉಳಿದರೆ ಹೊಸ ಕೆಲಸವೂ ಕೆಡುತ್ತದೆ.

ನೆನಪಿಡಿ

1. ಕೆಲಸ ಶುರುವಾಗುವ ಮೊದಲೇ ಖರ್ಚಿನ ಚೀಟಿ ಬರೆಸಿ.
2. ಪ್ರತಿ ಕೆಲಸದ ಹಣ ಬೇರೆ ಬೇರೆ ಬರೆಸಿ.
3. ಹಳೆಯ ಪಿಸ್ಟನ್, ಬೇರಿಂಗ್ ವಾಪಸು ಕೇಳಿ.
4. ಹಣ ಕೊಟ್ಟರೆ ರಸೀತಿ ಪಡೆಯಿರಿ.
5. ಆಯಿಲ್ ಮತ್ತು ಏರ್ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿ. ಧೂಳು ಒಳಗೆ ಹೋದರೆ ಎಂಜಿನ್ ಬೇಗ ಸವೆಯುತ್ತದೆ.

ಉತ್ತರ ಬರೆಯಿರಿ

1. ನೀಲಿ ಹೊಗೆ ಬಂದರೆ ಮೊದಲು ಯಾವ ಪರೀಕ್ಷೆ ಮಾಡಿಸಬೇಕು?
2. 68.50ಕ್ಕೆ 0.50 ಕೂಡಿಸಿದರೆ ಎಷ್ಟು?
3. ಕ್ರ್ಯಾಂಕನ್ನು ಯಾವಾಗ ಉಜ್ಜಬೇಕು?

ಓದು ಕಲಿತ ಕಣ್ಣಿಗೆ ರಿಪೇರಿ ಚೀಟಿಯೂ ಒಂದು ಪಾಠವೇ. ಓದಿ, ಕೇಳಿ, ಆಮೇಲೆ ಹಣ ಕೊಡಿ.