ಚುಕ್ಕೆಯ ಬಲಕ್ಕೆ ಎರಡಂಕಿ

ಪುಟ್ಟೀ,

ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತೆಂದು ನಿನ್ನಮ್ಮ ಹೇಳಿದಳು. ಸಂತೋಷ. ಬ್ಯಾಂಕಿನ ಕೌಂಟರಿನಲ್ಲೇ ತಲೆ ನರೆಸಿಕೊಂಡ ಸೋದರಮಾವ ನಾನು. ಕೂಡುವುದು, ಗುಣಿಸುವುದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ, ಅದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನಾನು ಹೇಳಹೊರಟಿರುವುದು ಅಂಕಿಗಳ ನಡುವಿನ ಚುಕ್ಕೆಯ ವಿಷಯ.

ಐದು ರೂಪಾಯಿ ಐದು ಪೈಸೆಯನ್ನು 5.5 ಎಂದು ಬರೆಯುವವರು ಚೆನ್ನಾಗಿ ಓದಿದವರಲ್ಲೂ ಇದ್ದಾರೆ. ಬರೆದವರ ಮನಸ್ಸಿನಲ್ಲಿ ಐದು ಪೈಸೆ, ಓದಿದವರ ಲೆಕ್ಕದಲ್ಲಿ ಐವತ್ತು. ಚುಕ್ಕೆಯ ಬಲಕ್ಕೆ ಮೊದಲನೆಯದು ಹತ್ತನೇ ಒಂದು ಪಾಲಿನ ಸ್ಥಾನ, ಎರಡನೆಯದು ನೂರನೇ ಒಂದು ಪಾಲಿನದು. ಪೈಸೆ ರೂಪಾಯಿಯ ನೂರನೇ ಪಾಲಾದ್ದರಿಂದ ಐದು ಪೈಸೆ ಎರಡನೇ ಸ್ಥಾನದಲ್ಲೇ ಕೂರಬೇಕು: 5.05. ಐವತ್ತು ಪೈಸೆಯಾದರೆ 5.50 ಎಂದು ಸೊನ್ನೆ ಸೇರಿಸಿಯೇ ಬರೆ. ಗಣಿತದ ಮೇಷ್ಟ್ರು 5.5 ಎಂದರೂ ಅದೇ ಅನ್ನುತ್ತಾರೆ, ಅವರು ಹೇಳುವುದು ಸರಿ. ಆದರೆ ಹಣದ ಕಾಗದದಲ್ಲಿ ಬಲಗಡೆ ಒಂದೇ ಅಂಕಿ ಕಂಡರೆ ಓದುವವರು ಬರೆದವರ ಮನಸ್ಸನ್ನು ಊಹಿಸಬೇಕಾಗುತ್ತದೆ. ಅಲ್ಲದೆ ಖಾಲಿ ಬಿಟ್ಟ ಆ ಜಾಗದಲ್ಲಿ ಇನ್ನೊಬ್ಬರ ಪೆನ್ನು ಒಂದಂಕಿ ಸೇರಿಸಲು ಎಷ್ಟು ಹೊತ್ತು?

ನಿನ್ನ ಡೇರಿಯಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಒಂದೇ ಸಾಲಿನಲ್ಲಿ ಲೀಟರಿಗೊಂದು ಚುಕ್ಕೆ, ಫ್ಯಾಟಿಗೊಂದು, ಎಸ್‌ಎನ್‌ಎಫ್ ಎನ್ನುವ ಕೊಬ್ಬೇತರ ಘನಾಂಶಕ್ಕೊಂದು, ದರಕ್ಕೊಂದು. ದರದ ಚುಕ್ಕೆಯ ಬಲಕ್ಕಿರುವುದನ್ನು ನಾವು ಎಣಿಕೆಯಂತೆ ಓದುತ್ತೇವೆ, ಇಪ್ಪತ್ತೈದು ಪೈಸೆ, ಮೂವತ್ತೈದು ಪೈಸೆ ಎಂದು. ಅದೇ ಅಭ್ಯಾಸದಲ್ಲಿ ಫ್ಯಾಟ್ 3.25 ಬಂದವರು 3.5 ಬಂದವರಿಗಿಂತ ತಮ್ಮ ಹಾಲೇ ಗಟ್ಟಿ ಎಂದು ವಾದಕ್ಕೆ ನಿಲ್ಲುತ್ತಾರೆ, ಇಪ್ಪತ್ತೈದು ಐದಕ್ಕಿಂತ ದೊಡ್ಡದಲ್ಲವೇ ಎಂದು. ಅವರನ್ನು ನೋಡಿ ನಗಬೇಡ. 3.50 ಎಂದು ಬರೆದು ಎರಡನ್ನೂ ಒಂದರ ಕೆಳಗೊಂದು ತೋರಿಸು, ವಾದ ಅಲ್ಲಿಗೇ ಮುಗಿಯುತ್ತದೆ.

ಲೀಟರಿನಲ್ಲಿ ತಪ್ಪಿದರೆ ಹೋಗುವುದು ನಿಜವಾದ ದುಡ್ಡು. ಲೀಟರಿಗೆ 33.35 ರೂಪಾಯಿ ದರ ಎಂದಿಟ್ಟುಕೊ. 4.3 ಲೀಟರ್ ಹಾಕಿದವರಿಗೆ ನೀನು 4.03 ಎಂದು ಒತ್ತಿದರೆ ಒಂದೇ ಹೊತ್ತಿಗೆ ಒಂಬತ್ತು ರೂಪಾಯಿ ಖೋತಾ. ಕತ್ತಲಲ್ಲೆದ್ದು ಹಾಲು ಕರೆದು ತಂದವರು ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾರೆ, ಅಲ್ಲೇ ನಿಂತು ಗುಣಿಸಿ ನೋಡುವವರು ಕಡಿಮೆ. ಹಾಗಾಗಿ ಅಳತೆಯನ್ನು ಬಾಯಿಬಿಟ್ಟು ಹೇಳಿ ಬರೆ. ‘ನಾಲ್ಕು ಪಾಯಿಂಟ್ ಮೂರು’ ಎಂದು ಗೊಣಗುವ ಬದಲು ‘ನಾಲ್ಕು ಲೀಟರ್ ಮುನ್ನೂರು ಮಿಲಿ’ ಅನ್ನು. ಎದುರಿಗಿರುವವರಿಗೆ ತಪ್ಪು ಹಿಡಿಯಲು ಅವಕಾಶ ಸಿಗುತ್ತದೆ.

ಎಲ್ಲ ಚುಕ್ಕೆಯೂ ದಶಾಂಶದ್ದಲ್ಲ. ನಿನ್ನ ತಮ್ಮ ಟಿವಿ ಮುಂದೆ ಕೂತು 4.5 ಓವರ್ ಅಂದರೆ ಅದು ನಾಲ್ಕು ಓವರ್ ಐದು ಎಸೆತ. ಇನ್ನೊಂದು ಎಸೆತ ಬಿದ್ದರೆ ಐದು ಓವರೇ ಮುಗಿಯಿತು. ಗಂಟೆ 9.30 ಎಂದು ಬರೆಯುತ್ತೇವಲ್ಲ, ಅಲ್ಲಿ ಅರವತ್ತರ ಲೆಕ್ಕ. ನನ್ನ ಅಪ್ಪನ ಕಾಲದ ಖಾತೆ ಪುಸ್ತಕದಲ್ಲಿ ಹಣಕ್ಕೆ ಚುಕ್ಕೆಯೇ ಇರಲಿಲ್ಲ. ರೂಪಾಯಿ, ಆಣೆ, ಪೈ ಎಂದು ಮೂರು ಕಾಲಂ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ, ಐದೂವರೆ ರೂಪಾಯಿಗೆ 5-8-0. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಬಂತು. ನಾಲ್ಕಾಣೆ, ಎಂಟಾಣೆ ಸಲೀಸಾಗಿ ಇಪ್ಪತ್ತೈದು, ಐವತ್ತಾದವು. ಆದರೆ ಒಂದಾಣೆ ಎಂದರೆ ಆರೂಕಾಲು ನಯಾಪೈಸೆ, ಆ ಕಾಲು ಪೈಸೆಯನ್ನು ಯಾರ ಕೈಗೆ ಕೊಡುವುದು? ಹೀಗಾಗಿ ಒಂದಾಣೆಗೆ ಆರು, ಮೂರಾಣೆಗೆ ಹತ್ತೊಂಬತ್ತು ಎಂದು ಕೋಷ್ಟಕ ನೋಡಿ ಹೊಂದಿಸಬೇಕಾಯಿತು. ‘ನಯಾ’ ಬಿದ್ದುಹೋದದ್ದು 1964ರಲ್ಲಿ.

ಆಮೇಲೆ, ಜೆರಾಕ್ಸ್ ಅಂಗಡಿಯ ಬೋರ್ಡಿನ ಹಾಗೆ ‘.50 ಪೈಸೆ’ ಎಂದು ಎಲ್ಲೂ ಬರೆಯಬೇಡ. ಅದರ ಅರ್ಥ ಅರ್ಧ ಪೈಸೆ. ಹಟ ಹಿಡಿದ ಗಿರಾಕಿ ಒಂದು ರೂಪಾಯಿ ಕೊಟ್ಟು ಇನ್ನೂರು ಪ್ರತಿ ಕೇಳಿದರೆ ಅಂಗಡಿಯವನು ಏನು ಮಾಡಬೇಕು? 50 ಪೈಸೆ ಎನ್ನು, ಇಲ್ಲವೇ ₹0.50 ಎನ್ನು. ಮುಂದಿನ ಆ ಸೊನ್ನೆ ಇರಲೇಬೇಕು, ಕಾರ್ಬನ್ ಪ್ರತಿಯಲ್ಲಿ ಮೊದಲು ಅಳಿಸಿಹೋಗುವುದೇ ಚುಕ್ಕೆ. ‘ರೂ.’ ಎಂದು ಬರೆದು ಅದರ ಬೆನ್ನಿಗೇ ಅಂಕಿ ಅಂಟಿಸಿದರೆ ಆ ಚುಕ್ಕೆ ಯಾರದೆಂಬ ಜಗಳ ಬೇರೆ. 2010ರಲ್ಲಿ ಬಂದ ₹ ಚಿಹ್ನೆಯಿಂದ ಅದೊಂದು ತಾಪತ್ರಯ ತಪ್ಪಿತು. 505/- ಎಂದರೆ ಪೈಸೆ ಇಲ್ಲ ಎಂದರ್ಥ. 505.05/- ಎಂದು ಬರೆಯುವವರು ಪೈಸೆ ಇದೆ ಎಂದೂ ಇಲ್ಲ ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಾರೆ.

ಚೆಕ್ಕಿನಲ್ಲಿ ಅಕ್ಷರದಲ್ಲೂ ಬರೆಸುವುದು ಸುಮ್ಮನೆ ಅಲ್ಲ. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿರುವುದೇ ಮೊತ್ತ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಹಾಗೆಂದು ಧೈರ್ಯ ಮಾಡಬೇಡ, ವ್ಯತ್ಯಾಸ ಕಂಡರೆ ಬ್ಯಾಂಕಿನವರು ಸಾಮಾನ್ಯವಾಗಿ ಚೆಕ್ಕನ್ನೇ ವಾಪಸ್ ಮಾಡುತ್ತಾರೆ. ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರಾಯಿತು ಎನ್ನುವ ಕಾಲವೂ ಹೋಯಿತು, ಬೇರೆ ಹಾಳೆ ಬರೆಯುವುದೇ ಸರಿ.

ನಿನ್ನಣ್ಣ ಮಸ್ಕತ್ತಿನಿಂದ ಸಂಬಳದ ಚೀಟಿ ಕಳಿಸಿದರೆ ಅಲ್ಲಿ 350.500 ಎಂದಿರುತ್ತದೆ, ಗಾಬರಿಯಾಗಬೇಡ. ಒಮಾನಿ ರಿಯಾಲಿಗೆ ಸಾವಿರ ಬೈಸಾ, ಅದಕ್ಕೇ ಬಲಕ್ಕೆ ಮೂರಂಕಿ. ಮೂರೂವರೆ ಲಕ್ಷ ಎಂದು ಊರೆಲ್ಲ ಹೇಳಿಕೊಂಡು ಬರಬೇಡಿ ಎಂದು ನಿನ್ನಮ್ಮನಿಗೂ ಹೇಳು. ಜರ್ಮನಿಯವರಂತೂ ಅಲ್ಪವಿರಾಮವನ್ನೇ ದಶಾಂಶಕ್ಕಿಟ್ಟು, ಚುಕ್ಕೆಯನ್ನು ಸಾವಿರ ಬಿಡಿಸಲು ಬಳಸುತ್ತಾರೆ. ಅಲ್ಲಿ ಸಾವಿರದ ಇನ್ನೂರೈವತ್ತು ಎಂದರೆ 1.250,00.

ಇನ್ನು ಎಕ್ಸೆಲ್. ನೀನು 5.50 ಎಂದು ಒತ್ತಿದರೂ ಅದು 5.5 ಎಂದೇ ತೋರಿಸುತ್ತದೆ. ಮೊದಲ ದಿನವೇ ಹಣದ ಕಾಲಂ ಪೂರ್ತಿ ಆರಿಸಿ, ಎರಡು ದಶಾಂಶ ಎಂದು ನಿಗದಿ ಮಾಡಿಬಿಡು. ಆದರೆ ಅದು ಬದಲಿಸುವುದು ತೋರಿಕೆಯನ್ನು ಮಾತ್ರ. 4.3 ಲೀಟರನ್ನು 33.35ರಿಂದ ಗುಣಿಸಿದರೆ 143.405 ಬರುತ್ತದೆ, ಪರದೆಯಲ್ಲಿ ಕಾಣುವುದು 143.41. ಅಂಥ ಎರಡನ್ನು ಕೂಡಿದರೆ ಯಂತ್ರ 286.81 ಎನ್ನುತ್ತದೆ, ಚೀಟಿ ನೋಡಿ ಕೈಯಲ್ಲಿ ಕೂಡಿದವರಿಗೆ 286.82 ಬರುತ್ತದೆ. ಒಂದು ಪೈಸೆಗೆ ಜಗಳವೇ ಎನ್ನಬೇಡ, ಆಡಿಟ್ಟಿನವರು ಆ ಒಂದು ಪೈಸೆಯನ್ನು ಹಿಡಿದುಕೊಂಡೇ ಪುಸ್ತಕವನ್ನೆಲ್ಲ ತೆರೆಸುತ್ತಾರೆ. ಪ್ರತಿ ಹೊತ್ತಿನ ಮೊತ್ತವನ್ನೂ ರೌಂಡ್ ಸೂತ್ರ ಹಾಕಿ ನಿಜವಾಗಿಯೂ ಎರಡಂಕಿಗೆ ನಿಲ್ಲಿಸು. ಪೈಸೆ ಬಿಟ್ಟು ರೂಪಾಯಿಗೆ ಸರಿಹೊಂದಿಸುವುದೇನಿದ್ದರೂ ಬಟವಾಡೆಯ ದಿನ, ಒಟ್ಟು ಮೊತ್ತದ ಮೇಲೆ, ಒಂದೇ ಸಲ. ಹೊತ್ತುಹೊತ್ತಿಗೂ ಚಿಲ್ಲರೆ ಬಿಡುತ್ತ ಹೋದರೆ ಹದಿನೈದು ದಿನದ ಮೂವತ್ತು ಹೊತ್ತಿಗೆ ಒಂದು ಮನೆಗೆ ಹತ್ತಿಪ್ಪತ್ತು ರೂಪಾಯಿ ಕಡಿಮೆಯಾಗುತ್ತದೆ. ಹಿಂದಿದ್ದವರು ಹೇಗೆ ಮಾಡುತ್ತಿದ್ದರು ಎಂದು ಹಳೆಯ ಬಟವಾಡೆ ಪುಸ್ತಕ ತೆಗೆಸಿ ನೋಡು. ಅವರು ಹೊತ್ತುಹೊತ್ತಿಗೂ ಬಿಟ್ಟಿದ್ದರೆ ಕಾರ್ಯದರ್ಶಿಗಳ ಕಿವಿಗೆ ಹಾಕಿಯೇ ನಿನ್ನ ಕ್ರಮ ಶುರುಮಾಡು.